ಗುಣವಾಗಿದೆ, ಆದರೂ ಉರಿಯುತ್ತಿದೆ

ಕೂತ್ಕೊಳ್ಳಿ. ಸತ್ಯವೇದ ತಂದಿರೋರು, ಫೋನಿನಲ್ಲಿ ಓದೋರು, ಎಲ್ಲರೂ ಮಾರ್ಕನ ಸುವಾರ್ತೆ 8ನೇ ಅಧ್ಯಾಯ ತೆಗೆಯಿರಿ. 22ರಿಂದ 26ನೇ ವಚನದವರೆಗೆ. ಐದೇ ವಚನ. ಈ ಘಟನೆ ಮತ್ತಾಯನಲ್ಲಿ ಇಲ್ಲ, ಲೂಕನಲ್ಲಿ ಇಲ್ಲ, ಯೋಹಾನನಲ್ಲೂ ಇಲ್ಲ. ಮಾರ್ಕನೊಬ್ಬನೇ ಬರೆದಿದ್ದಾನೆ. ಆ ಐದು ವಚನ ಬರೆದಿಟ್ಟಿದ್ದಕ್ಕೆ ಈ ಎರಡು ವರ್ಷದಲ್ಲಿ ನಾನು ದೇವರಿಗೆ ಎಷ್ಟು ಸಾರಿ ಸ್ತೋತ್ರ ಹೇಳಿದ್ದೀನೋ ಲೆಕ್ಕ ಇಲ್ಲ.

ಹೊಸದಾಗಿ ಬಂದವರಿಗಾಗಿ ಎರಡು ಮಾತು. ನಾನು ಪ್ರಸಂಗದ ಮಧ್ಯೆ ಆಗಾಗ ನಿಲ್ಲಿಸಿ ನೀರು ಕುಡೀತೀನಿ. ಕೆಲವು ಅಕ್ಷರ ಸರಿಯಾಗಿ ಹೊರಡಲ್ಲ. ಬಲಗಡೆ ಬಾಯಿ ತೆರೆದಷ್ಟು ಎಡಗಡೆ ತೆರೆಯಲ್ಲ. ನನ್ನ ಎಡಗೆನ್ನೆಯ ಒಳಗೆ ಕ್ಯಾನ್ಸರ್ ಬಂದಿತ್ತು. ಆಪರೇಷನ್ ಆಯ್ತು, ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಆಮೇಲೆ ವಾರಕ್ಕೆ 5 ದಿನದಂತೆ 6 ವಾರ, ಒಟ್ಟು 30 ರೇಡಿಯೇಷನ್. ಅದು ಮುಗಿದು ಎರಡು ವರ್ಷ ದಾಟಿದೆ. ಇವತ್ತಿನವರೆಗೆ ಎಲ್ಲ ಚೆಕಪ್‌ನಲ್ಲೂ ಕಾಯಿಲೆ ಕಾಣಿಸಿಲ್ಲ. ದೇವರಿಗೆ ಸ್ತೋತ್ರ. ಡಾಕ್ಟರುಗಳ ಕೈಗಳಿಗಾಗಿಯೂ ಸ್ತೋತ್ರ.

ಯುವಜನ ಕೂಟದಲ್ಲಿ ಒಬ್ಬ ತಮ್ಮ ನನ್ನನ್ನ ಕೇಳಿದ: "ಪಾಸ್ಟರ್, ನೀವು ಗುಣ ಆದ್ರಿ ಅಂತ ನಾವೆಲ್ಲ ಸ್ತೋತ್ರ ಕೂಟ ಮಾಡಿದ್ವಿ. ಆದರೆ ಈಗಲೂ ಬಾಯಿ ಉರಿಯುತ್ತೆ ಅಂತೀರಿ. ಹಾಗಾದ್ರೆ ದೇವರು ಪೂರ್ತಿ ಗುಣ ಮಾಡಲಿಲ್ವಾ? ಅಥವಾ ಹಾಗೆ ಹೇಳೋದೇ ಅವಿಶ್ವಾಸವಾ?"

ಅದು ಒಳ್ಳೆಯ ಪ್ರಶ್ನೆ. ಧೈರ್ಯದ ಪ್ರಶ್ನೆ. ಬಹಳ ಜನ ಮನಸ್ಸಿನಲ್ಲೇ ಕೇಳ್ಕೊಂಡು ಸುಮ್ಮನಿರ್ತಾರೆ. ಇವತ್ತಿನ ಸಂದೇಶ ಆ ತಮ್ಮನಿಗೆ, ಮತ್ತು ಮನೆಯಲ್ಲಿ ಹೀಗೆ ಚಿಕಿತ್ಸೆ ಮುಗಿಸಿದ ಅಪ್ಪನೋ ಅಮ್ಮನೋ ದೊಡ್ಡಪ್ಪನೋ ಇರುವ ನಿಮ್ಮೆಲ್ಲರಿಗೆ.

ಮೊದಲು ವಾಕ್ಯಕ್ಕೆ ಬರೋಣ. ಬೇತ್ಸಾಯಿದ ಅನ್ನೋ ಊರು. ಜನ ಒಬ್ಬ ಕುರುಡನನ್ನ ಕರ್ಕೊಂಡು ಬರ್ತಾರೆ, ಇವನನ್ನ ಮುಟ್ಟಿ ಅಂತ ಬೇಡ್ಕೊಳ್ತಾರೆ. ಯೇಸು ಸ್ವಾಮಿ ಜನರ ಎದುರಿಗೆ ಅದನ್ನ ಮಾಡಲಿಲ್ಲ. ಅವನ ಕೈ ಹಿಡಿದು ಊರ ಹೊರಗೆ ನಡೆಸಿಕೊಂಡು ಹೋದರು. ಅವನ ಕಣ್ಣಿಗೆ ಉಗುಳಿ, ಅವನ ಮೇಲೆ ಕೈಗಳನ್ನಿಟ್ಟರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ನಿನಗೇನಾದರೂ ಕಾಣಿಸ್ತಿದೆಯಾ ಅಂತ.

ನಿಲ್ಲಿ ಇಲ್ಲಿ. ಗಾಳಿಯನ್ನ ಗದರಿಸಿ ನಿಲ್ಲಿಸಿದವರು, ಲಾಜರನನ್ನ ಹೆಸರು ಹಿಡಿದು ಸಮಾಧಿಯಿಂದ ಕರೆದವರು, ಒಬ್ಬ ಮನುಷ್ಯನನ್ನ ಕೇಳ್ತಾರೆ, ಈಗ ಹೇಗಿದೆ ಅಂತ. ಯಾಕೆ? ಅವರಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಕೇಳಿದರು. ಯಾಕಂದ್ರೆ ಅವರಿಗೆ ಆ ಮನುಷ್ಯನ ಬಾಯಿಂದ ನಿಜ ಬೇಕಾಗಿತ್ತು.

ಆ ಮನುಷ್ಯ ಏನು ಹೇಳಿದ? ಜನ ಕಾಣಿಸ್ತಾರೆ, ಆದರೆ ನಡೆದಾಡುವ ಮರಗಳ ಹಾಗೆ ಕಾಣಿಸ್ತಾರೆ ಅಂದ. ಎಂಥಾ ಉತ್ತರ! "ಹಲ್ಲೆಲೂಯಾ, ಎಲ್ಲಾ ಸ್ಪಷ್ಟವಾಗಿ ಕಾಣಿಸ್ತಿದೆ" ಅಂತ ಹೇಳಿಬಿಡಬಹುದಿತ್ತು. ಮುಂದೆ ನಿಂತಿರೋದು ದೇವರ ಮಗ. ಹಿಂದೆ ಕರ್ಕೊಂಡು ಬಂದ ಜನ ಕಾಯ್ತಿದ್ದಾರೆ. ಅವರಿಗೆ ನಿರಾಸೆ ಆಗಬಾರದು ಅಂತ ಒಂದು ಸುಳ್ಳು ಸಾಕ್ಷಿ ಹೇಳೋಕೆ ಎಷ್ಟು ಸುಲಭ! ಅವನು ಹೇಳಲಿಲ್ಲ. ಆಗಿರೋದನ್ನ ಆಗಿದೆ ಅಂದ, ಆಗದೇ ಇರೋದನ್ನ ಆಗಿಲ್ಲ ಅಂದ. ಯೇಸು ಸ್ವಾಮಿ ಅವನನ್ನ ಗದರಿಸಲಿಲ್ಲ. ಅಲ್ಪವಿಶ್ವಾಸಿಯೇ ಅನ್ನಲಿಲ್ಲ. ಮತ್ತೊಂದು ಸಾರಿ ಅವನ ಕಣ್ಣಿನ ಮೇಲೆ ಕೈಗಳನ್ನಿಟ್ಟರು.

ಇವತ್ತು ನಾನು ಹೇಳಬೇಕಾಗಿರೋ ಒಂದೇ ಮಾತು ಇದು: ಅರ್ಧ ದಾರಿಯಲ್ಲಿ ನಿಜ ಹೇಳೋದು ಅವಿಶ್ವಾಸ ಅಲ್ಲ. ಎರಡನೇ ಸ್ಪರ್ಶಕ್ಕೆ ಮುಂಚೆ ಒಂದು ನಿಜವಾದ ಉತ್ತರ ಇತ್ತು. ಆಮೆನ್?

ಈಗ ಬಾಯಿಯ ವಿಷಯಕ್ಕೆ ಬರ್ತೀನಿ. ನಿಮ್ಮಲ್ಲಿ ಬಹಳ ಜನ ಐಟಿಯಲ್ಲಿದ್ದೀರಿ, ನರ್ಸಿಂಗ್ ಓದ್ತಿದ್ದೀರಿ, ಪಿಜಿಯಲ್ಲಿ ಇದ್ದೀರಿ. ಊರಿಗೆ ಫೋನ್ ಮಾಡಿ, "ಅಪ್ಪಾ, ಟ್ರೀಟ್‌ಮೆಂಟ್ ಎಲ್ಲಾ ಮುಗಿದಿದೆಯಲ್ಲಾ, ಇನ್ನೂ ಯಾಕೆ ಸರಿಯಾಗಿ ಊಟ ಮಾಡಲ್ಲ?" ಅಂತ ರೇಗ್ತೀರಿ. ಪ್ರೀತಿಯಿಂದಲೇ ರೇಗ್ತೀರಿ, ಗೊತ್ತು. ಅದಕ್ಕೇ ಒಳಗೆ ಏನು ಆಗಿರುತ್ತೆ ಅನ್ನೋದನ್ನ ಹೇಳ್ತೀನಿ.

ರೇಡಿಯೇಷನ್ ಶುರುವಾದ ಎರಡನೇ ಮೂರನೇ ವಾರಕ್ಕೆ ಬಾಯಿಯ ಒಳಚರ್ಮ ಕೆಂಪಾಗಿ ಹುಣ್ಣಾಗುತ್ತೆ. ಕೊನೆಯ ವಾರಗಳಲ್ಲಿ ಅದು ಜೋರು. ಮುಗಿದ ಮೇಲೂ ಕೆಲವು ವಾರ ಇರುತ್ತೆ, ಆಮೇಲೆ ನಿಧಾನಕ್ಕೆ ಮಾಯುತ್ತೆ. ಎಲ್ಲರಿಗೂ ಗೊತ್ತಿರೋ ಕಥೆ ಇಲ್ಲಿಗೆ ನಿಲ್ಲುತ್ತೆ. ಆದರೆ ಎಂಜಲು ಉಂಟುಮಾಡುವ ಗ್ರಂಥಿಗಳಿಗೂ ಆ ಕಿರಣ ತಗುಲಿರುತ್ತೆ. ಆರೋಗ್ಯವಾಗಿರೋ ಮನುಷ್ಯನ ಬಾಯಿಯಲ್ಲಿ ದಿನಕ್ಕೆ ಅರ್ಧ ಲೀಟರ್‌ನಿಂದ ಒಂದೂವರೆ ಲೀಟರ್‌ವರೆಗೆ ಎಂಜಲು ಬರುತ್ತೆ. ನಾವು ಅದರ ಬಗ್ಗೆ ಒಂದು ದಿನವೂ ಯೋಚನೆ ಮಾಡಿಲ್ಲ. ಅದು ಕಡಿಮೆಯಾದಾಗ ಗೊತ್ತಾಗುತ್ತೆ, ರುಚಿ ನಾಲಿಗೆಗೆ ತಲುಪೋಕೂ ಅದು ಬೇಕು, ಅನ್ನ ಗಂಟಲಲ್ಲಿ ಇಳಿಯೋಕೂ ಅದು ಬೇಕು, ಹಲ್ಲು ಹುಳುಕಾಗದೆ ಇರೋಕೂ ಅದೇ ಬೇಕು. ಕೆಲವರಿಗೆ ಒಂದೆರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪ ವಾಪಸ್ಸು ಬರುತ್ತೆ. ಕೆಲವರಿಗೆ ಪೂರ್ತಿ ಬರೋದೇ ಇಲ್ಲ. ಜೊತೆಗೆ ಹೊಸದಾಗಿ ಮಾಯ್ದ ಚರ್ಮ ಹಳೆಯದಕ್ಕಿಂತ ತೆಳು. ಅದಕ್ಕೇ ಖಾರ ತಗುಲಿದರೆ ಬೆಂಕಿ, ಹುಳಿ ತಗುಲಿದರೆ ಬೆಂಕಿ, ಪುದೀನಾ ವಾಸನೆಯ ಟೂತ್‌ಪೇಸ್ಟ್ ಕೂಡ ಬೆಂಕಿ. ನಿಪ್ಪಟ್ಟಿನ ಒಂದು ಚೂರು ಸಾಕು ಗೀರೋಕೆ. ನನ್ನಂಥವರಿಗೆ ದವಡೆಯ ಮಾಂಸಖಂಡ ಗಟ್ಟಿಯಾಗಿ ಬಾಯಿ ತೆರೆಯೋದೂ ಕಷ್ಟ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲಿನ ಮಧ್ಯೆ ಹೋಗುತ್ತಾ ಅಂತ ನೀವು ನೋಡ್ಕೊಳ್ಳಿ. ನನಗೆ ಎರಡೇ ಹೋಗುತ್ತೆ.

ಅಂದ್ರೆ, ನಿಮ್ಮ ಅಪ್ಪ ಹಟ ಮಾಡ್ತಿಲ್ಲ ತಮ್ಮಾ. ಕಾಯಿಲೆ ಹೋಗಿದೆ, ಆದರೆ ಕಾಯಿಲೆಯನ್ನ ಓಡಿಸಿದ ಯುದ್ಧ ಆ ಬಾಯಿಯ ಒಳಗೇ ನಡೆದಿದೆ. ಯುದ್ಧ ಗೆದ್ದ ಮಾರನೇ ದಿನವೇ ಆ ಹೊಲದಲ್ಲಿ ಬೆಳೆ ಬರಲ್ಲ.

ಈಗ ಒಂದು ಕಷ್ಟದ ಮಾತು. ನಮ್ಮ ಪೆಂತೆಕೋಸ್ತ್ ಸಭೆಗಳಲ್ಲಿ ನಾವು ಬಾಯಿಯ ಮಾತಿಗೆ ಬಹಳ ಬೆಲೆ ಕೊಡ್ತೀವಿ. ನೆಗೆಟಿವ್ ಮಾತಾಡಬೇಡಿ, ವಿಶ್ವಾಸದಿಂದ ಅರಿಕೆ ಮಾಡಿ ಅಂತೀವಿ. ಅದರಲ್ಲಿ ಸತ್ಯ ಇದೆ. ಗೊಣಗುಟ್ಟುವ ಬಾಯಿ ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಏನು ಮಾಡಿತು ಅಂತ ಓದಿದ್ದೀವಿ. ಆದರೆ ಗೊಣಗೋದು ಬೇರೆ, ನೋವನ್ನ ಹೇಳೋದು ಬೇರೆ. ದಾವೀದ ನೋವನ್ನ ಹೇಳಿದ. ಯೋಬ ಹೇಳಿದ. ಪೌಲನೂ ಹೇಳಿದ. ಎರಡನೇ ಕೊರಿಂಥ 12ನೇ ಅಧ್ಯಾಯದಲ್ಲಿ, ತನ್ನ ಶರೀರದಲ್ಲಿ ಒಂದು ಮುಳ್ಳು ಇದೆ, ಮೂರು ಸಾರಿ ಬೇಡಿಕೊಂಡೆ, ಅದು ಹೋಗಲಿಲ್ಲ, ಬದಲಿಗೆ ಕೃಪೆ ಸಿಕ್ಕಿತು ಅಂತ ಇಡೀ ಸಭೆಗೆ ಓದಿ ಹೇಳೋ ಪತ್ರದಲ್ಲಿ ಬರೆದ. ಅವನ ಕೈಯ ಕರವಸ್ತ್ರ ಮುಟ್ಟಿ ಎಫೆಸದಲ್ಲಿ ರೋಗಿಗಳು ಗುಣವಾದರು. ಅದೇ ಪೌಲ ತಿಮೊಥೆಯನಿಗೆ, ನಿನ್ನ ಹೊಟ್ಟೆಯ ತೊಂದರೆಗೆ, ಪದೇ ಪದೇ ಬರೋ ಅಸ್ವಸ್ಥತೆಗೆ ಇಂಥದ್ದು ತಗೋ ಅಂತ ಮನೆಮದ್ದು ಬರೆದ. ತ್ರೊಫಿಮನನ್ನ ಮಿಲೇತದಲ್ಲಿ ಅಸ್ವಸ್ಥನಾಗಿಯೇ ಬಿಟ್ಟು ಬಂದೆ ಅಂತ ಮುಚ್ಚುಮರೆಯಿಲ್ಲದೆ ಬರೆದ. ಪೌಲನಿಗೆ ವಿಶ್ವಾಸ ಇರಲಿಲ್ಲ ಅಂತ ಯಾರಾದ್ರೂ ಹೇಳ್ತೀರಾ?

ಈ ಮಾತನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಆಸ್ಪತ್ರೆಯ ಹಾಲ್‌ನಲ್ಲಿ ಕಾಯುವಾಗ ಬೇರೆ ಊರಿನ ಒಬ್ಬ ಹಿರಿಯ ವಿಶ್ವಾಸಿ ಸಿಕ್ಕಿದರು. ಅವರಿಗೂ ಬಾಯಿ ಕ್ಯಾನ್ಸರ್, ಅವರಿಗೂ ಗುಣವಾಗಿತ್ತು. ಸಭೆಯಲ್ಲಿ ಸಾಕ್ಷಿ ಹೇಳಿದ್ದರು, ಜನ ಚಪ್ಪಾಳೆ ತಟ್ಟಿದ್ದರು. ಕೆಲವು ತಿಂಗಳಾದ ಮೇಲೆ ಅದೇ ಜಾಗದಲ್ಲಿ ಒಂದು ಹುಣ್ಣು. ಅವರು ಯಾರಿಗೂ ಹೇಳಲಿಲ್ಲ. ಚೆಕಪ್‌ಗೂ ಹೋಗಲಿಲ್ಲ. "ಅಯ್ಯನವರೇ, ಸಾಕ್ಷಿ ಹೇಳಿ ಆಗಿತ್ತಲ್ಲ, ಈಗ ಹುಣ್ಣಿದೆ ಅಂದ್ರೆ ದೇವರ ಹೆಸರಿಗೆ ಕೆಟ್ಟದಲ್ವಾ ಅಂತ ಸುಮ್ಮನಿದ್ದೆ" ಅಂದರು. ಮಗಳು ಬಲವಂತ ಮಾಡಿ ಕರ್ಕೊಂಡು ಬರೋ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು.

ಪ್ರಿಯರೇ, ದೇವರ ಹೆಸರು ನಮ್ಮ ಸುಳ್ಳಿನ ಮೇಲೆ ನಿಂತಿಲ್ಲ. ನಾಲ್ಕು ತಿಂಗಳು ಆ ಹಿರಿಯರು ಒಂಟಿಯಾಗಿ ಕನ್ನಡಿ ಮುಂದೆ ನಿಂತು ಬಾಯಿ ನೋಡ್ಕೊಂಡರು. ಸಭೆ ಅವರಿಗೆ ಆಶ್ರಯ ಆಗಬೇಕಿತ್ತು, ಆದರೆ ಸಭೆಯ ಚಪ್ಪಾಳೆಯೇ ಅವರ ಬಾಯಿ ಕಟ್ಟಿತು. ನಮ್ಮ ಸಭೆಯಲ್ಲಿ ಹಾಗೆ ಆಗಬಾರದು. ಸಾಕ್ಷಿ ಹೇಳಿದವನು ಮುಂದಿನ ಭಾನುವಾರ ಬಂದು, "ಇನ್ನೂ ನೋವಿದೆ, ಪ್ರಾರ್ಥನೆ ಮಾಡಿ" ಅಂತ ಹೇಳೋ ಸ್ವಾತಂತ್ರ್ಯ ಇಲ್ಲಿ ಇರಬೇಕು.

ನನಗೂ ಒಂದು ಸಾರಿ ಹಾಗಾಯ್ತು. ರೇಡಿಯೇಷನ್ ಮುಗಿದು ಹದಿನಾಲ್ಕು ತಿಂಗಳಿಗೆ, ಕಡಿಮೆಯಾಗ್ತಿದ್ದ ಉರಿ ಮತ್ತೆ ಜಾಸ್ತಿಯಾಯ್ತು. ನಾಲಿಗೆ ಮೇಲೆ ಬಿಳಿ ಬಿಳಿ ಪದರ. ಆ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಹೇಳಲ್ಲ. ಬೆಳಗ್ಗೆ ನನ್ನ ಹೆಂಡತಿಗೆ ಹೇಳಿದೆ. "ನಡೀರಿ, ತೋರಿಸ್ಕೊಂಡು ಬರೋಣ. ದಾರೀಲಿ ಪ್ರಾರ್ಥನೆ ಮಾಡೋಣ" ಅಂದಳು. ಡಾಕ್ಟರ್ ನೋಡಿದರು. ಅದು ಶಿಲೀಂಧ್ರದ ಸೋಂಕು, ಫಂಗಸ್. ಒಣಗಿದ ಬಾಯಿಯಲ್ಲಿ ಸಾಮಾನ್ಯವಾಗಿ ಬರುವಂಥದ್ದು. ಔಷಧಿ ಕೊಟ್ಟರು, ಎರಡು ವಾರದಲ್ಲಿ ಉರಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ನೋಡಿ, "ಇದೆಲ್ಲಾ ಇರೋದೇ" ಅಂತ ಸಹಿಸ್ಕೊಂಡಿದ್ದರೂ ತಪ್ಪಾಗ್ತಿತ್ತು, "ಇಲ್ಲ, ನಾನು ಗುಣವಾಗಿದ್ದೀನಿ" ಅಂತ ಮುಚ್ಚಿಟ್ಟಿದ್ದರೂ ತಪ್ಪಾಗ್ತಿತ್ತು.

ಅದಕ್ಕೇ ಬರ್ಕೊಳ್ಳಿ. ಫೋನಿನಲ್ಲಿ ನೋಟ್ ಮಾಡ್ಕೊಳ್ಳಿ, ಮನೆಯವರಿಗೆ ಕಳಿಸಿ. ಚಿಕಿತ್ಸೆ ಮುಗಿದವರ ಬಾಯಿಯಲ್ಲಿ ಹೊಸ ಹುಣ್ಣು ಎರಡು ವಾರ ದಾಟಿದರೂ ಮಾಯದಿದ್ದರೆ, ರಕ್ತ ಬಂದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ, ಕಿವಿಗೆ ನೋವು ಹೊಡೆದರೆ, ತುಟಿ ನಾಲಿಗೆ ಜೋಮು ಹಿಡಿದಂತಾದರೆ, ಬಾಯಿ ತೆರೆಯೋದು ಇನ್ನೂ ಕಡಿಮೆಯಾದರೆ, ಒಸಡಿನಲ್ಲಿ ಮೂಳೆ ಕಂಡರೆ, ಮುಂದಿನ ಚೆಕಪ್ ದಿನಾಂಕಕ್ಕೆ ಕಾಯಬೇಡಿ. ಈ ಕಾಯಿಲೆ ಮರಳಿ ಬರೋದಾದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಅದಕ್ಕೇ ಆಗ ಪದೇ ಪದೇ ಕರೀತಾರೆ. ಚೆಕಪ್‌ಗೆ ಹೋಗೋದು ಅವಿಶ್ವಾಸ ಅಲ್ಲ. ಕುಷ್ಠರೋಗಿಗಳನ್ನ ಶುದ್ಧ ಮಾಡಿ ಯೇಸು ಸ್ವಾಮಿಯೇ ಹೇಳಲಿಲ್ವಾ, ಹೋಗಿ ಯಾಜಕನಿಗೆ ತೋರಿಸ್ಕೊಳ್ಳಿ ಅಂತ?

ಹಲ್ಲಿನ ವಿಷಯ ಇನ್ನೊಂದು. ದವಡೆಗೆ ರೇಡಿಯೇಷನ್ ಆದವರು ಹಲ್ಲು ಕೀಳಿಸೋ ಮುಂಚೆ ಆ ಡೆಂಟಿಸ್ಟ್‌ಗೆ ಕಡ್ಡಾಯವಾಗಿ ಹೇಳಬೇಕು, ಕ್ಯಾನ್ಸರ್ ಡಾಕ್ಟರನ್ನೂ ಕೇಳಬೇಕು. ವರ್ಷಗಳು ಕಳೆದಿದ್ದರೂ ಸರಿ. ಆ ಮೂಳೆಗೆ ಮಾಯುವ ಶಕ್ತಿ ಕಡಿಮೆಯಾಗಿರುತ್ತೆ.

ಇನ್ನು ದಿನದಿನದ ಉರಿಗೆ ನಾನು ಏನು ಮಾಡ್ತೀನಿ? ದೊಡ್ಡ ಗುಟ್ಟೇನಿಲ್ಲ. ನನಗೆ ಹೇಳಿಕೊಟ್ಟಿದ್ದನ್ನೇ ಮಾಡ್ತೀನಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು. ದಿನಕ್ಕೆ ನಾಲ್ಕೈದು ಸಾರಿ ಬಾಯಿ ಮುಕ್ಕಳಿಸ್ತೀನಿ. ಆಲ್ಕೋಹಾಲ್ ಇರೋ ಮೌತ್‌ವಾಶ್ ಮುಟ್ಟಲ್ಲ, ಅದು ಇನ್ನೂ ಒಣಗಿಸುತ್ತೆ. ಮೆತ್ತನೆ ಬ್ರಷ್, ಉರಿಸದ ಪೇಸ್ಟ್, ಡೆಂಟಿಸ್ಟ್ ಕೊಟ್ಟ ಫ್ಲೋರೈಡ್. ಜೇಬಿನಲ್ಲಿ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್, ಕೈಯಲ್ಲಿ ನೀರು. ರಾಗಿ ಗಂಜಿ, ಹುಳಿ ಬಾರದ ಮೊಸರಿನಲ್ಲಿ ಕಲೆಸಿದ ಮೆತ್ತನೆ ಅನ್ನ, ಖಾರ ಹಾಕದ ಬೇಳೆ ಕಟ್ಟು. ಬಿಸಿ ಬಿಸಿ ಕಾಫಿ ಅಲ್ಲ, ಆರಿದ ಕಾಫಿ. ಬಾಯಿ ತೆರೆಯೋಕೆ ದಿನವೂ ವ್ಯಾಯಾಮ, ಐಸ್‌ಕ್ರೀಂ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟು. ಆ ಕಡ್ಡಿ ಬಾಯಲ್ಲಿಟ್ಟುಕೊಂಡೇ ನಾನು ಬೆಳಗಿನ ಸತ್ಯವೇದ ಓದ್ತೀನಿ. ನಗಬೇಡಿ! ಒಂದು ಕಡ್ಡಿ ಜಾಸ್ತಿ ಹೋದ ದಿನ ನಮ್ಮ ಮನೆಯಲ್ಲಿ ಸಣ್ಣ ಸ್ತೋತ್ರ ಕೂಟವೇ ಆಗುತ್ತೆ.

ಈಗ ಎರಡನೇ ವಾಕ್ಯ. ಯೋಹಾನ 19ನೇ ಅಧ್ಯಾಯ, 28ನೇ ವಚನ. ಇದನ್ನ ನಿಧಾನಕ್ಕೆ ಕೇಳಿ.

ರೇಡಿಯೇಷನ್ ದಿನಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ಊಟ ಬಿಟ್ಟಿದ್ದಕ್ಕಲ್ಲ. ಹಾಡು ಬಿಟ್ಟಿದ್ದಕ್ಕೆ. ನಾನು ಪೆಂತೆಕೋಸ್ತ್ ಮನುಷ್ಯ. ಜೋರಾಗಿ ಪ್ರಾರ್ಥನೆ ಮಾಡೋನು. ಮುಖಕ್ಕೆ ಜಾಲರಿಯಂಥ ಮಾಸ್ಕ್ ಹಾಕಿ ಟೇಬಲ್‌ಗೆ ಬಿಗಿದು, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕ್ತಾರೆ. ತುಟಿ ಅಲ್ಲಾಡಿಸೋ ಹಾಗಿಲ್ಲ. ಅನ್ಯಭಾಷೆ ಇಲ್ಲ, ಹಾಡು ಇಲ್ಲ, ಹಲ್ಲೆಲೂಯಾ ಇಲ್ಲ. ಒಂದು ಯಂತ್ರದ ಶಬ್ದ, ಅಷ್ಟೇ. ಅಲ್ಲಿ ನನಗೆ ರೋಮಾಪುರದವರಿಗೆ 8ನೇ ಅಧ್ಯಾಯ ಅರ್ಥವಾಯ್ತು. ಹೇಗೆ ಪ್ರಾರ್ಥಿಸಬೇಕೋ ಗೊತ್ತಿಲ್ಲದಾಗ, ಮಾತಿಗೆ ಸಿಗದ ನರಳಾಟದಿಂದ ಆತ್ಮನೇ ನಮಗಾಗಿ ಬೇಡ್ತಾನೆ ಅಂತ ಪೌಲ ಅಲ್ಲಿ ಹೇಳ್ತಾನೆ. ಪವಿತ್ರಾತ್ಮನಿಗೆ ನನ್ನ ನಾಲಿಗೆ ಬೇಕು ಅಂದ್ಕೊಂಡಿದ್ದೆ. ನನ್ನ ನಾಲಿಗೆ ನಿಂತರೂ ಅವರು ನಿಲ್ಲಲಿಲ್ಲ.

ಚಿಕಿತ್ಸೆ ಮುಗಿದು ಮೊದಲ ಸಾರಿ ಕರ್ತರ ಭೋಜನಕ್ಕೆ ಬಂದೆ. ರೊಟ್ಟಿ ಅಂಗಳಕ್ಕೆ ಅಂಟ್ಕೊಂಡಿತು. ದ್ರಾಕ್ಷಾರಸ ತಗೊಂಡ ಕೂಡಲೇ ಬಾಯಿ ಧಗ್ ಅಂತ ಉರಿಯಿತು, ಕಣ್ಣಲ್ಲಿ ನೀರು. ಪಕ್ಕದವರು ಅಭಿಷೇಕ ಅಂದ್ಕೊಂಡರೋ ಏನೋ. ನನಗೆ ಒಳಗೆ ದುಃಖ. ಕರ್ತರೇ, ನಿಮ್ಮ ಮೇಜಿನ ಮೇಲಿನದೂ ನನ್ನನ್ನ ಉರಿಸುತ್ತಾ ಅಂತ. ಆಗ ಈ ವಚನ ನೆನಪಾಯ್ತು.

ಶಿಲುಬೆಯ ಮೇಲೆ ಯೇಸು ಸ್ವಾಮಿ ತನಗೆ ಬಾಯಾರಿಕೆಯಾಗಿದೆ ಅಂದರು. ಇದೇ ಸಂಕಟವನ್ನ 22ನೇ ಕೀರ್ತನೆ ಬಹಳ ಹಿಂದೆಯೇ ಹಾಡಿತ್ತು: ಶಕ್ತಿಯೆಲ್ಲ ಒಡೆದ ಮಡಕೆಯ ಚೂರಿನಂತೆ ಒಣಗಿದೆ, ನಾಲಿಗೆ ದವಡೆಗೆ ಅಂಟಿಕೊಂಡಿದೆ ಅಂತ. ಅದನ್ನ ನಾನು ಬಹಳ ಸಾರಿ ಪ್ರಸಂಗ ಮಾಡಿದ್ದೀನಿ. ಆದರೆ ನಾಲಿಗೆ ದವಡೆಗೆ ಅಂಟೋದು ಅಂದ್ರೆ ಏನು ಅಂತ ಈಗ ಗೊತ್ತು. ಆ ಒಣಗಿದ ಬಾಯಿಗೆ ಅವರು ಏನು ಕೊಟ್ಟರು? ಹುಳಿರಸದಲ್ಲಿ ಅದ್ದಿದ ಸ್ಪಂಜು. ಒಣಗಿ ಬಿರಿದ ಬಾಯಿಗೆ ಹುಳಿ ತಗುಲಿದರೆ ಏನಾಗುತ್ತೆ ಅಂತ ನನ್ನ ಕರ್ತರಿಗೆ ಗೊತ್ತು, ಪ್ರಿಯರೇ. ಯಾರೂ ಅವರಿಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ನೋಡಿ. ಅವರು ಅದನ್ನ ಬಾಯಿಬಿಟ್ಟು ಹೇಳಿದರು. ಲೋಕದ ಪಾಪವನ್ನ ಹೊತ್ತಿರೋ ಹೊತ್ತು. ಅಂಥಾ ಹೊತ್ತಿನಲ್ಲಿ ಬಾಯಾರಿಕೆ ಅನ್ನೋದು ಸಣ್ಣ ವಿಷಯ ಅಲ್ವಾ? ಅವರು ಸಣ್ಣದು ಅಂದ್ಕೊಳ್ಳಲಿಲ್ಲ. ಹತ್ತಿರ ನಿಂತಿದ್ದವರ ಮುಂದೆ ಹೇಳಿಕೊಂಡರು. ದೇವರ ಮಗನಿಗೇ ತನ್ನ ಬಾಯಿ ಒಣಗಿದೆ ಅಂತ ಹೇಳೋಕೆ ನಾಚಿಕೆ ಆಗದಿದ್ದರೆ ನಮಗೆ ಯಾಕೆ? ಬೇತ್ಸಾಯಿದದ ಆ ಕುರುಡ ಸ್ವಾಮಿಗೆ ನಿಜ ಹೇಳಿದ. ಶಿಲುಬೆಯಲ್ಲಿ ಸ್ವಾಮಿಯೇ ನಮಗೆ ನಿಜ ಹೇಳಿದರು.

ಕೊನೆಯದಾಗಿ, ನಮ್ಮ ಬಾಯಿಗಳ ಬಗ್ಗೆ. ಹುಣ್ಣಿಲ್ಲದ, ಚೆನ್ನಾಗಿರೋ ನಿಮ್ಮ ಬಾಯಿಗಳ ಬಗ್ಗೆ. ಯೆಶಾಯ 50ರಲ್ಲಿ ಕರ್ತರ ಸೇವಕ ಹೇಳ್ತಾನೆ, ಬಳಲಿದವನನ್ನ ಒಂದು ಮಾತಿನಿಂದ ಎತ್ತಿಹಿಡಿಯೋಕೆ ಕಲಿತ ನಾಲಿಗೆಯನ್ನ ದೇವರು ತನಗೆ ಕೊಟ್ಟಿದ್ದಾರೆ ಅಂತ. ಆ ನಾಲಿಗೆ ಹೇಗಿರುತ್ತೆ?

ಆ ನಾಲಿಗೆ ಮೊದಲು, "ಗುಟ್ಕಾ ಹಾಕ್ತಿದ್ರಾ?" ಅಂತ ಕೇಳಲ್ಲ. ನನ್ನನ್ನ ಎಷ್ಟು ಜನ ಕೇಳಿದರು ಗೊತ್ತಾ! ನನಗೆ ಆ ಅಭ್ಯಾಸ ಇರಲಿಲ್ಲ, ಇಲ್ಲದವರಿಗೂ ಬರುತ್ತೆ. ಇದ್ದವರಾದರೆ ಏನು, ಅವರಿಗೆ ಉರಿ ಕಮ್ಮಿನಾ? ಹುಟ್ಟುಕುರುಡನನ್ನ ನೋಡಿ, ಪಾಪ ಮಾಡಿದವರು ಯಾರು ಅಂತ ಶಿಷ್ಯರು ಕೇಳಿದರು. ಯೇಸು ಸ್ವಾಮಿ ಆ ಲೆಕ್ಕವನ್ನೇ ತೆಗೀಲಿಲ್ಲ. ಹಾಗಂತ ಯೌವನಸ್ಥರಿಗೆ ಎಚ್ಚರಿಕೆ ಇಲ್ಲ ಅಂತಲ್ಲ. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಬರ್ತಿರೋ ಕ್ಯಾನ್ಸರ್ ಬಾಯಿಯದೇ. 2022ರ ಅಂದಾಜಿನಲ್ಲಿ ಭಾರತದಲ್ಲಿ ಆ ಒಂದೇ ವರ್ಷ ಗಂಡಸರು ಹೆಂಗಸರು ಸೇರಿ ಸುಮಾರು 1 ಲಕ್ಷ 43 ಸಾವಿರ ಹೊಸ ಪ್ರಕರಣ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಆಫೀಸಿನ ಟೀ ಅಂಗಡಿ ಮುಂದೆ ಪಾನ್ ಮಸಾಲಾ ಪ್ಯಾಕೆಟ್ ಹರಿಯೋ ತಮ್ಮಂದಿರು ಇವತ್ತೇ ನಿಲ್ಲಿಸಿ. ಆದರೆ ಆ ಮಾತು ಕಾಯಿಲೆ ಬರೋ ಮುಂಚೆ ಹೇಳೋದು. ಬಂದವರ ಹಾಸಿಗೆ ಪಕ್ಕ ಅಲ್ಲ.

ಬಳಲಿದವನನ್ನ ಎತ್ತೋ ನಾಲಿಗೆ, "ಇನ್ನೂ ನೋವಾ?" ಅಂತ ಆಶ್ಚರ್ಯ ಪಡಲ್ಲ. "ಇವತ್ತು ಹೇಗಿದೆ?" ಅಂತ ಕೇಳಿ ಉತ್ತರಕ್ಕೆ ಕಾಯುತ್ತೆ. ನಮ್ಮ ಸಭೆಯ ಒಬ್ಬ ಅಜ್ಜಿ ಇದ್ದಾರೆ, ಹೆಸರು ಹೇಳಲ್ಲ, ಅವರಿಗೆ ಮುಜುಗರ ಆಗುತ್ತೆ. ಪ್ರತಿ ತಿಂಗಳ ಪ್ರೀತಿಭೋಜನಕ್ಕೆ ಬಿರಿಯಾನಿ ಡಬರಿ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆ ಇಡ್ತಾರೆ. ಮೆತ್ತಗೆ ಬೇಯಿಸಿದ ಅನ್ನ, ಹೆಸರುಬೇಳೆ, ಒಂದು ಹನಿ ಖಾರ ಇಲ್ಲ. ಯಾರಿಗೆ ಅಂತ ಹೇಳಲ್ಲ, ಕರೆದು ಬಡಿಸಲ್ಲ. ಅಲ್ಲಿ ಇಡ್ತಾರೆ, ಅಷ್ಟೇ. ಮೊದಲ ಸಾರಿ ನೋಡಿದಾಗ ನಾನೊಬ್ಬನೇ ತಿಂದೆ. ಈಗ ಆ ಪಾತ್ರೆ ಖಾಲಿಯಾಗುತ್ತೆ. ಅಲ್ಸರ್ ಇರೋರು, ಹಲ್ಲಿಲ್ಲದವರು, ಕೀಮೋ ತಗೊಳ್ತಿರೋ ಒಬ್ಬ ಅಕ್ಕ, ಎಲ್ಲರೂ ಸುಮ್ಮನೆ ಬಂದು ಅದರಿಂದ ಬಡಿಸ್ಕೊಳ್ತಾರೆ. ಆ ಅಜ್ಜಿಗೆ ಪ್ರಸಂಗ ಮಾಡೋಕೆ ಬರಲ್ಲ. ಆದರೆ ಯೆಶಾಯ 50 ಆ ಪಾತ್ರೆಯಲ್ಲಿದೆ.

ಹಾಗೆಯೇ ಕರ್ತರ ಭೋಜನದ ದಿನ ರೊಟ್ಟಿ ನುಂಗೋಕೆ ಆಗದವರು, ಬಾಯಿ ಉರಿಯೋರು ನಮ್ಮ ಸೇವಕರಿಗೆ ಒಂದು ಮಾತು ಹೇಳಿ. ಚೂರು ಸಣ್ಣದು ಕೊಡ್ತಾರೆ, ದ್ರಾಕ್ಷಾರಸಕ್ಕೆ ನೀರು ಬೆರೆಸ್ತಾರೆ, ನೆನೆಸಿ ಕೊಡ್ತಾರೆ. ಅದರಲ್ಲಿ ಕರ್ತರು ಕಡಿಮೆಯಾಗಲ್ಲ.

ಈಗ ಆ ತಮ್ಮನಿಗೆ ಉತ್ತರ ಹೇಳಿ ಮುಗಿಸ್ತೀನಿ. ದೇವರು ನನ್ನನ್ನ ಗುಣ ಮಾಡಿದರಾ? ಮಾಡಿದರು. ಬದುಕಿದ್ದೀನಿ, ನಿಂತಿದ್ದೀನಿ, ನಿಮಗೆ ವಾಕ್ಯ ಹೇಳ್ತಿದ್ದೀನಿ. ಇನ್ನೂ ಉರಿಯುತ್ತಾ? ಉರಿಯುತ್ತೆ. ಈ ಎರಡೂ ನಿಜ, ಒಂದು ಇನ್ನೊಂದನ್ನ ಸುಳ್ಳು ಮಾಡಲ್ಲ. ಎರಡನೇ ಸ್ಪರ್ಶಕ್ಕಾಗಿ ದಿನವೂ ಪ್ರಾರ್ಥನೆ ಮಾಡ್ತೀನಿ, ನಿಮ್ಮನ್ನೂ ಕೇಳ್ಕೊಳ್ತೀನಿ. ಈ ವರ್ಷ ಎಂಜಲು ಸ್ವಲ್ಪ ಜಾಸ್ತಿ ಬಂದರೆ ಸ್ತೋತ್ರ. ಬರದೇ ಹೋದರೂ ಯೆಶಾಯ 25ನೇ ಅಧ್ಯಾಯ ಇದೆ. ಅಲ್ಲಿ ಸೈನ್ಯಗಳ ಕರ್ತನು ತನ್ನ ಬೆಟ್ಟದ ಮೇಲೆ ಸಕಲ ಜನಾಂಗಗಳಿಗೆ ಒಂದು ಔತಣ ಮಾಡ್ತಾನೆ. ಸಾರವಾದ ಊಟ, ಒಳ್ಳೆಯ ದ್ರಾಕ್ಷಾರಸ, ಆಮೇಲೆ ಎಲ್ಲರ ಮುಖದ ಕಣ್ಣೀರು ಒರೆಸ್ತಾನೆ. ನಮ್ಮ ದೇವರು ನಿತ್ಯತ್ವವನ್ನ ತೋರಿಸೋವಾಗ ಊಟದ ಮೇಜನ್ನ ತೋರಿಸಿದರು. ಬಾಯಿ ನೊಂದವರಿಗೆ ಇದಕ್ಕಿಂತ ದೊಡ್ಡ ವಾಗ್ದಾನ ಏನು ಬೇಕು? ಅಲ್ಲಿ ನಾನು ಬಾಯಿ ತುಂಬಾ ತಿಂತೀನಿ. ಗಂಟಲು ತುಂಬಾ ಹಾಡ್ತೀನಿ. ಹಲ್ಲೆಲೂಯಾ!

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ಜೋರಾಗಿ ಪ್ರಾರ್ಥನೆ ಮಾಡೋಕೆ ಆಗೋರು ಮಾಡಿ. ಆಗದವರು ಸುಮ್ಮನೆ ನಿಲ್ಲಿ, ನಿಮ್ಮ ಮೌನವೂ ಅವರಿಗೆ ಕೇಳಿಸುತ್ತೆ.

ಪರಲೋಕದ ತಂದೆಯೇ, ನಿಮಗೆ ಸ್ತೋತ್ರ. ಇಲ್ಲಿ ಮತ್ತು ಮನೆಗಳಲ್ಲಿ, ಚಿಕಿತ್ಸೆ ಮುಗಿದರೂ ನೋವು ಮುಗಿಯದವರನ್ನ ನಿಮ್ಮ ಕೈಗೆ ಒಪ್ಪಿಸ್ತೀವಿ. ಕರ್ತರೇ, ಅವರನ್ನ ಮತ್ತೊಮ್ಮೆ ಮುಟ್ಟಿ. ಇವತ್ತು ರಾತ್ರಿ ಅವರಿಗೆ ಉರಿ ಇಲ್ಲದ ನಿದ್ದೆ ಕೊಡಿ. ಮುಚ್ಚಿಟ್ಟ ಹುಣ್ಣು ಯಾರಿಗಾದರೂ ಇದ್ದರೆ ನಾಳೆಯೇ ಹೋಗಿ ತೋರಿಸೋ ಧೈರ್ಯ ಕೊಡಿ. ನೋಡೋ ಡಾಕ್ಟರುಗಳಿಗೆ, ನರ್ಸುಗಳಿಗೆ ಜ್ಞಾನ ಕೊಡಿ. ಗಂಜಿ ಕಾಯಿಸಿ ಕೊಡೋ ಕೈಗಳು ಬೇಸರಪಡದ ಹಾಗೆ ಕಾಪಾಡಿ. ಚೆನ್ನಾಗಿರೋ ನಮ್ಮ ಬಾಯಿಗಳಿಗೆ ಬಳಲಿದವರನ್ನ ಎತ್ತೋ ಮಾತು ಕಲಿಸಿ. ಶಿಲುಬೆಯ ಮೇಲೆ ಬಾಯಾರಿದ ಯೇಸು ಸ್ವಾಮಿಯ ಹೆಸರಿನಲ್ಲಿ ಬೇಡ್ತೀವಿ, ತಂದೆಯೇ. ಆಮೆನ್.